ರೇಖೆ ಮತ್ತು ಶರೀರ: ‘ಅವತಾರ್’ ಕಥಾಮಾಲೆಯ ಎರಡು ರೂಪಾಂತರಗಳು

೧

ಒಂದು ಕಲಾಪ್ರಕಾರದಲ್ಲಿ ಸಿದ್ಧಿಯನ್ನು ಪಡೆದ ಕೃತಿಯನ್ನು ಮತ್ತೊಂದು ಪ್ರಕಾರಕ್ಕೆ ತಂದಾಗ, ಹೊಸ ಕೃತಿ ಮೂಲಕ್ಕೆ ನಿಷ್ಠವಾಗಿದೆಯೆ ಎಂಬ ಪ್ರಶ್ನೆ ಎಲ್ಲಕ್ಕಿಂತ ಮೊದಲು ಏಳುತ್ತದೆ. ಈ ಪ್ರಶ್ನೆಗೆ ದೊರೆಯುವ ಉತ್ತರ ಬಹುಮಟ್ಟಿಗೆ ಒಂದು ಪಟ್ಟಿ: ಇಂಥ ಸನ್ನಿವೇಶ ಉಳಿದಿದೆ, ಇಂಥದು ಬಿಟ್ಟುಹೋಗಿದೆ, ಇಂಥ ಪಾತ್ರದ ಮಾತು ಬದಲಾಗಿದೆ. ಪಟ್ಟಿಯಿಂದ ಗುಣದೋಷಗಳ ನಿರ್ಣಯವಾಗದು. ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿ ಮಾಡಿದುದು ಅಲ್ಪವಾದ ಬದಲಾವಣೆಯಲ್ಲ. ಆದರೂ ‘ವಿಕ್ರಮಾರ್ಜುನವಿಜಯ’ವನ್ನು ಸಹೃದಯರು ಅದರ ಸ್ವಂತ ಔಚಿತ್ಯದಿಂದ ಅಳೆಯುವರೇ ಹೊರತು ವ್ಯಾಸಭಾರತದಿಂದ ಅದು ಎಷ್ಟು ದೂರ ಸರಿಯಿತೆಂಬ ಲೆಕ್ಕದಿಂದ ಅಳೆಯುವುದಿಲ್ಲ. ಆದುದರಿಂದ ಕೇಳಬೇಕಾದ ಪ್ರಶ್ನೆ ಬೇರೆ. ಮೂಲಕೃತಿ ಯಾವ ಸಾಧನದಿಂದ ತನ್ನ ಅರ್ಥವನ್ನು ಸಾಧಿಸಿಕೊಂಡಿತ್ತು? ಆ ಸಾಧನ ಕೈಬಿಟ್ಟ ಮೇಲೆ ರೂಪಾಂತರಕಾರರು ಅದರ ಸ್ಥಾನದಲ್ಲಿ ಏನನ್ನು ಇರಿಸಿದರು?

ಅನಿಮೇಷನ್ ಕೃತಿಗಳನ್ನು, ಎಂದರೆ ಬರೆದ ಚಿತ್ರಗಳನ್ನು ಚಲಿಸುವಂತೆ ಮಾಡಿ ಕಥೆ ಹೇಳುವ ಕೃತಿಗಳನ್ನು, ಜೀವಂತ ನಟರಿಂದ ಅಭಿನಯಿಸಿ ಮತ್ತೆ ತೆರೆಗೆ ತರುವ ರೂಢಿ ಈಚಿನ ವರ್ಷಗಳಲ್ಲಿ ಅಮೆರಿಕದ ಚಿತ್ರೋದ್ಯಮದಲ್ಲಿ ಬಲವಾಗಿ ಬೇರೂರಿದೆ. ಈ ರೂಢಿಯ ಹಿಂದೆ ಬಾಯಿಬಿಟ್ಟು ಹೇಳದ ಒಂದು ನಂಬಿಕೆಯುಂಟು: ಬರೆದ ಚಿತ್ರ ಮಕ್ಕಳಿಗೆಂದು ಮಾಡಿದ ಕರಡುಪ್ರತಿ, ನಟನ ರಕ್ತಮಾಂಸಗಳು ಕೂಡಿದಾಗಲೇ ಅದು ಪೂರ್ಣವಾಗುತ್ತದೆ ಎಂಬುದು. ಈ ನಂಬಿಕೆಯನ್ನು ಪರೀಕ್ಷಿಸುವುದಕ್ಕೆ ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಎಂಬ ಕಥಾಮಾಲೆ ಬಹಳ ತಕ್ಕ ಉದಾಹರಣೆ. ಒಂದೇ ಮೂಲದ ಒಂದೇ ಭಾಗವನ್ನು ಇಬ್ಬರು ಬೇರೆಬೇರೆ ನಿರ್ಮಾಪಕರು, ೨೦೧೦ರಲ್ಲಿ ಒಮ್ಮೆಯೂ ೨೦೨೪ರಲ್ಲಿ ಮತ್ತೊಮ್ಮೆಯೂ, ನಟರ ಮೂಲಕ ನಿರೂಪಿಸಿರುವರು. ಎರಡನ್ನೂ ಮೂಲದ ಪಕ್ಕದಲ್ಲಿಟ್ಟು ನೋಡಿದರೆ ರೂಪಾಂತರದ ತೊಡಕು ಎಲ್ಲಿದೆಯೆಂಬುದು ತಾನಾಗಿ ಬಯಲಾಗುತ್ತದೆ.

೨

ಮೈಕೇಲ್ ಡಾಂಟೆ ಡಿಮಾರ್ಟಿನೊ ಮತ್ತು ಬ್ರಯನ್ ಕೊನಿಯೆಟ್ಸ್‌ಕೊ ಎಂಬ ಇಬ್ಬರು ಕಲ್ಪಿಸಿದ ಮೂಲ ಕಥಾಮಾಲೆ ನಿಕೆಲೋಡಿಯನ್ ವಾಹಿನಿಯಲ್ಲಿ ೨೦೦೫ರ ಫೆಬ್ರವರಿಯಿಂದ ೨೦೦೮ರ ಜುಲೈವರೆಗೆ ಪ್ರಸಾರವಾಯಿತು. ಜಲ, ಪೃಥ್ವಿ, ಅಗ್ನಿ ಎಂಬ ಮೂರು ಕಾಂಡಗಳು; ಒಟ್ಟು ೬೧ ಕಂತುಗಳು; ಒಂದೊಂದು ಕಂತಿನ ಅವಧಿ ಸುಮಾರು ೨೩ ನಿಮಿಷ. ಮಕ್ಕಳ ವಾಹಿನಿಯಲ್ಲಿ ಬಂದ ಈ ಕೃತಿಗೆ ೨೦೦೮ನೆಯ ಸಾಲಿನ ಪೀಬಡಿ ಪ್ರಶಸ್ತಿ ದೊರೆಯಿತು.

ಕಥೆಯ ಹಂದರ ಸರಳವಾದುದು. ನಾಲ್ಕು ಜನಾಂಗಗಳು, ಒಂದೊಂದರಲ್ಲಿಯೂ ಜಲ, ಪೃಥ್ವಿ, ಅಗ್ನಿ, ವಾಯುಗಳಲ್ಲಿ ಒಂದನ್ನು ತಮ್ಮ ಅಂಗಚಲನೆಯಿಂದ ಬಾಗಿಸಬಲ್ಲವರು ಕೆಲವರು ಇರುವರು. ನಾಲ್ಕು ವಿದ್ಯೆಗಳನ್ನೂ ಕಲಿಯಬಲ್ಲವನು ಒಬ್ಬನೇ, ಅವನೇ ‘ಅವತಾರ್’, ಲೋಕದ ಸಮತೋಲವನ್ನು ಕಾಯುವುದು ಅವನ ಹೊಣೆ. ಅಗ್ನಿರಾಷ್ಟ್ರ ಯುದ್ಧವನ್ನು ಹೂಡಿ ವಾಯುಜನಾಂಗವನ್ನು ನಿರ್ಮೂಲಮಾಡುತ್ತದೆ. ಆ ಜನಾಂಗದಲ್ಲಿ ಉಳಿದವನು ಹನ್ನೆರಡು ವರ್ಷದ ಆ್ಯಂಗ್ ಎಂಬ ಬಾಲಕನೊಬ್ಬನೇ. ನೂರು ವರ್ಷ ಮಂಜುಗಡ್ಡೆಯಲ್ಲಿ ಹುದುಗಿದ್ದ ಅವನನ್ನು ಕಟಾರಾ, ಸೊಕ್ಕಾ ಎಂಬ ಅಕ್ಕರೆಯ ಒಡಹುಟ್ಟಿದವರು ಕಂಡು ಹೊರತರುತ್ತಾರೆ. ತಂದೆಯಿಂದ ಮುಖ ಸುಡಿಸಿಕೊಂಡು ದೇಶಭ್ರಷ್ಟನಾದ ಅಗ್ನಿರಾಷ್ಟ್ರದ ರಾಜಕುಮಾರ ಜೂಕೊ, ಕಳೆದುಹೋದ ಮಾನವನ್ನು ಮರಳಿ ಪಡೆಯಲೆಂದು, ಸೋದರಮಾವನಲ್ಲ, ದೊಡ್ಡಪ್ಪನಾದ ಐರೋನೊಡನೆ ಅವನನ್ನು ಬೆನ್ನಟ್ಟುತ್ತಾನೆ.

ಹೆಸರು ಸಂಸ್ಕೃತದ್ದಾದರೂ ಇಲ್ಲಿಯ ಅವತಾರ ಪುರಾಣದ ಅವತಾರವಲ್ಲ. ಮೇಲಿನಿಂದ ದೇವತೆ ಇಳಿದುಬರುವ ಭಾವಕ್ಕಿಂತ, ಒಂದೇ ಚೇತನ ದೇಹದಿಂದ ದೇಹಕ್ಕೆ ಸಾಗುವ ಪುನರ್ಜನ್ಮದ ಭಾವವೇ ಇಲ್ಲಿ ಪ್ರಧಾನ. ಹಿಂದಿನ ಅವತಾರರ ಆಟಿಕೆಗಳನ್ನು ಎಳೆಯ ಆ್ಯಂಗ್ ಅನೇಕ ಆಟಿಕೆಗಳ ನಡುವಿನಿಂದ ಆರಿಸಿಕೊಂಡುದರಿಂದ ಭಿಕ್ಷುಗಳು ಅವನನ್ನು ಗುರುತಿಸಿದರೆಂಬ ಸಂಗತಿ ಟಿಬೆಟ್ಟಿನ ಲಾಮಾಪರಂಪರೆಯನ್ನು ನೆನಪಿಗೆ ತರುತ್ತದೆ. ಹೀಗೆ ಚೀನಾ, ಟಿಬೆಟ್, ಜಪಾನ್, ಭಾರತ, ಉತ್ತರಧ್ರುವದ ಮೂಲನಿವಾಸಿಗಳು ಇವರೆಲ್ಲರ ಬಾಳಿನಿಂದ ಎತ್ತಿಕೊಂಡ ವಸ್ತುಗಳನ್ನು ಕರ್ತೃಗಳು ಒಂದು ಲೋಕವಾಗಿ ಹೆಣೆದಿರುವರು.

ಈ ಲೋಕದಲ್ಲಿ ಅರ್ಥದ ಮುಖ್ಯವಾಹನ ಅಂಗಚಲನೆ. ಜಲವಿದ್ಯೆಗೆ ತೈ ಚಿ, ಪೃಥ್ವೀವಿದ್ಯೆಗೆ ಹುಂಗ್ ಗಾರ್, ಅಗ್ನಿವಿದ್ಯೆಗೆ ಉತ್ತರ ಶಾವೊಲಿನ್, ವಾಯುವಿದ್ಯೆಗೆ ಬಾ ಗುವಾ ಎಂಬ ಚೀನೀ ವ್ಯಾಯಾಮಪದ್ಧತಿಗಳು ಆಧಾರವಾದುವು. ಸಿಫು ಕಿಸು ಎಂಬ ಗುರುವಿನ ಮಾರ್ಗದರ್ಶನದಲ್ಲಿ ಅಭ್ಯಾಸಿಗಳ ವರಸೆಗಳನ್ನು ಮೊದಲು ಚಿತ್ರೀಕರಿಸಿ, ಅವನ್ನು ಚಿತ್ರಕಾರರ ಮುಂದೆ ಮಾದರಿಯಾಗಿ ಇರಿಸಲಾಯಿತು. ಆದುದರಿಂದ ಈ ಕೃತಿಯ ರೇಖೆ ಶರೀರವನ್ನು ಅರಿಯದ ರೇಖೆಯಲ್ಲ. ಶರೀರದಿಂದ ಹೊರಟು, ಅದರ ಭಾರವನ್ನು ಕಳೆದು, ಭಾವವನ್ನು ಉಳಿಸಿಕೊಂಡ ರೇಖೆ ಅದು. ಮೂರನೆಯ ಕಾಂಡದಲ್ಲಿ ಜೂಕೊ ತನ್ನ ರೋಷವನ್ನು ಬಿಟ್ಟು ಆ್ಯಂಗ್‌ನ ಪಕ್ಷಕ್ಕೆ ಸೇರಿದೊಡನೆ ಅವನ ಅಗ್ನಿ ಕುಂದುತ್ತದೆ. ದ್ವೇಷವೇ ಇಂಧನವಾಗಿದ್ದ ವಿದ್ಯೆಗೆ ದ್ವೇಷ ತೀರಿದ ಮೇಲೆ ಬಲವೆಲ್ಲಿಯದು? ಪ್ರಾಚೀನ ಸೂರ್ಯಯೋಧರ ಪಾಳುನಗರಿಯಲ್ಲಿ ಅವನೂ ಆ್ಯಂಗನೂ ಡ್ರ್ಯಾಗನ್‌ಗಳೆದುರು ನೃತ್ಯದಂಥ ಒಂದು ವರಸೆಯನ್ನು ಆಡಿ, ಅಗ್ನಿಯೆಂದರೆ ನಾಶವಲ್ಲ, ಜೀವವೆಂಬುದನ್ನು ಕಲಿಯುತ್ತಾರೆ. ಜೂಕೊನ ಪರಿವರ್ತನೆಯನ್ನು ಪ್ರೇಕ್ಷಕ ಅವನ ಮಾತಿನಲ್ಲಿ ಕೇಳುವುದಕ್ಕಿಂತ ಹೆಚ್ಚಾಗಿ ತೋಳಿನ ಬಾಗಿನಲ್ಲಿ ಕಾಣುತ್ತಾನೆ.

೩

ಭರತನ ನಾಟ್ಯಶಾಸ್ತ್ರದಲ್ಲಿ ಪ್ರಯೋಗದ ಧರ್ಮಗಳು ಎರಡು: ಲೋಕಧರ್ಮಿ ಮತ್ತು ನಾಟ್ಯಧರ್ಮಿ. ಲೋಕದಲ್ಲಿ ಜನ ಹೇಗೆ ನಡೆದುಕೊಳ್ಳುವರೋ ಹಾಗೆಯೇ ರಂಗದಲ್ಲಿ ತೋರಿಸುವುದು ಮೊದಲನೆಯದು. ನಟನೂ ಪ್ರೇಕ್ಷಕನೂ ಒಪ್ಪಿಕೊಂಡ ಸಂಕೇತಗಳಿಂದಲೂ ಲೀಲೆಗೂಡಿದ ಅಂಗವಿನ್ಯಾಸದಿಂದಲೂ ತೋರಿಸುವುದು ಎರಡನೆಯದು. ರಂಗವನ್ನು ಒಂದು ಸುತ್ತು ಬಂದರೆ ಪಾತ್ರ ದೇಶಾಂತರ ಹೋದಂತಾಯಿತು. ಪಕ್ಕದಲ್ಲಿ ನಿಂತವನಿಗೆ ಕೇಳದ ಸ್ವಗತ ಸಭೆಗೆಲ್ಲ ಕೇಳಿತು. ಇದು ಸುಳ್ಳೆಂದು ಯಾರೂ ಆಕ್ಷೇಪಿಸರು. ಬೇರೆಯ ಕಾಲದ ಬೇರೆಯ ಕಲೆಗೆಂದು ಹುಟ್ಟಿದ ಈ ಪರಿಭಾಷೆಯನ್ನು ಇಲ್ಲಿಗೆ ಪೂರ್ತಿಯಾಗಿ ಅನ್ವಯಿಸುವುದು ಯುಕ್ತವಲ್ಲವಾದರೂ, ಪ್ರಕೃತ ವಿಷಯದಲ್ಲಿ ಅದು ತೋರಿಸಿಕೊಡುವ ಭೇದ ಬಹಳ ಉಪಯುಕ್ತವಾದುದು.

ಅನಿಮೇಷನ್ ಹುಟ್ಟಿನಿಂದಲೇ ನಾಟ್ಯಧರ್ಮಿ. ಅಲ್ಲಿ ಆಶ್ಚರ್ಯಕ್ಕೆ ಕಣ್ಣು ಮುಖದ ಅರ್ಧವನ್ನು ತುಂಬಬಹುದು; ನಾಚಿಕೆಗೆ ಹಣೆಯ ಮೇಲೆ ಕೊಡದಷ್ಟು ಬೆವರಹನಿ ಮೂಡಬಹುದು; ಹುಡುಗ ಗಾಳಿಯ ಚೆಂಡಿನ ಮೇಲೆ ಕುಳಿತು ಉರುಳಬಹುದು. ಮರುಕ್ಷಣದಲ್ಲಿಯೇ ಆ ಮುಖ ಶೋಕದಿಂದ ಸ್ತಬ್ಧವಾದರೂ ರಸಭಂಗವಾಗದು. ಏಕೆಂದರೆ ಎಲ್ಲವೂ ಒಂದೇ ಲೇಖನಿಯ ಸಂಕೇತ. ಕ್ಯಾಮೆರಾದ ಮುಂದೆ ನಿಂತ ನಟನಾದರೋ ನೋಡುವವನ ಮನಸ್ಸನ್ನು ತಾನಾಗಿ ಲೋಕಧರ್ಮಿಯ ಕಡೆಗೆ ಸೆಳೆಯುತ್ತಾನೆ. ಅವನ ಚರ್ಮ ನಿಜ, ಉಸಿರು ನಿಜ. ಆದುದರಿಂದ ಅವನ ಸುತ್ತಲಿನದೂ ನಿಜವಾಗಿರಬೇಕೆಂಬ ಅಪೇಕ್ಷೆ ಹುಟ್ಟುತ್ತದೆ. ರೂಪಾಂತರಕಾರರಿಗೆ ಇದು ಮೊದಲನೆಯ ಸಂಕಟ. ಮೂಲದ ನಾಟ್ಯಧರ್ಮಿಯನ್ನು ಹಾಗೆಯೇ ಎತ್ತಿಟ್ಟರೆ ಹಾಸ್ಯಾಸ್ಪದವಾಗುವ ಭಯ. ಕೈಬಿಟ್ಟರೆ ಅದರೊಡನೆ ಅರ್ಥವೂ ಹೋಗುವ ಭಯ. ಶರೀರಕ್ಕೆ ಒಪ್ಪುವ ಹೊಸದೊಂದು ನಾಟ್ಯಧರ್ಮಿಯನ್ನು ಕಂಡುಕೊಳ್ಳುವುದೊಂದೇ ದಾರಿ. ಎರಡು ರೂಪಾಂತರಗಳೂ ಈ ದಾರಿಯನ್ನು ಎಷ್ಟುಮಟ್ಟಿಗೆ ಹಿಡಿದುವೆಂಬುದೇ ವಿಚಾರಾರ್ಹವಾದ ಸಂಗತಿ.

೪

ಮೊದಲನೆಯದು ೨೦೧೦ರ ಜುಲೈಯಲ್ಲಿ ತೆರೆಕಂಡ ‘ದಿ ಲಾಸ್ಟ್ ಏರ್‌ಬೆಂಡರ್’. ಇದರ ನಿರ್ದೇಶಕ ಎಂ. ನೈಟ್ ಶ್ಯಾಮಲನ್ ೧೯೭೦ರಲ್ಲಿ ಮಾಹೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವರು. ಮೊದಲ ಕಾಂಡದ ೨೦ ಕಂತುಗಳನ್ನು, ಎಂದರೆ ಏಳು ಗಂಟೆಗೆ ಮಿಕ್ಕ ಕಥೆಯನ್ನು, ಈ ಚಿತ್ರ ೧೦೩ ನಿಮಿಷಗಳಲ್ಲಿ ಅಡಕಮಾಡಿತು. ಅದರ ಸೋಲಿಗೆ ಈ ಅಡಕವೇ ಕಾರಣವೆಂದು ಹೇಳುವುದುಂಟು. ಅದು ಅರ್ಧ ಸತ್ಯ. ಹೆಚ್ಚಿನ ಕಾರಣವನ್ನು ಒಂದು ಸನ್ನಿವೇಶದಲ್ಲಿಯೇ ಕಾಣಬಹುದು.

ಮೂಲದ ಆರನೆಯ ಕಂತಿನಲ್ಲಿ ಅಗ್ನಿರಾಷ್ಟ್ರದವರು ಪೃಥ್ವೀವಿದ್ಯೆಯವರನ್ನು ಸಮುದ್ರದ ನಡುವೆ, ಪೂರ್ತಿಯಾಗಿ ಲೋಹದಿಂದ ಕಟ್ಟಿದ ಸೆರೆಮನೆಯಲ್ಲಿ ಇರಿಸಿರುತ್ತಾರೆ. ಹಿಡಿ ಮಣ್ಣೂ ಸಿಗದ ಸ್ಥಳ ಅದು. ಕಟಾರಾ ಧೈರ್ಯದ ಮಾತನಾಡಿ ಅವರನ್ನು ಎಬ್ಬಿಸಲು ಯತ್ನಿಸುತ್ತಾಳೆ, ಯಾರೂ ಏಳುವುದಿಲ್ಲ. ಕುಲುಮೆಯ ಕಲ್ಲಿದ್ದಲೂ ಭೂಮಿಯ ಅಂಶವೇ ಎಂಬುದು ಹೊಳೆದ ಮೇಲೆ, ಅದನ್ನು ಗಾಳಿಯ ಬಲದಿಂದ ಮೇಲಕ್ಕೆ ತಂದು ಸುರಿದಾಗಲೂ ಅವರು ಮೊದಲು ಹಿಂಜರಿಯುತ್ತಾರೆ. ಸೆರೆಯ ಅರ್ಥ ಇಲ್ಲಿ ಸ್ಪಷ್ಟ: ಜನವನ್ನು ನೆಲದಿಂದ ಅಗಲಿಸಿದರೆ ಅವರ ಚೈತನ್ಯವನ್ನೇ ಅಗಲಿಸಿದಂತೆ. ಚಿತ್ರದಲ್ಲಿ ಈ ಸೆರೆಮನೆ ನೆಲದ ಮೇಲೆಯೇ ಇದೆ. ಸುತ್ತಲೂ ಕಲ್ಲು, ಕಾಲಡಿಯಲ್ಲಿ ಮಣ್ಣು. ಅದನ್ನು ಆ್ಯಂಗ್ ನೆನಪುಮಾಡಿಕೊಟ್ಟ ಮೇಲೆ ಸೆರೆಯಾಳುಗಳು ಹೋರಾಡುತ್ತಾರೆ. ಮೂಲದಲ್ಲಿ ಕಸಿದುಕೊಂಡ ಶಕ್ತಿಯ ಕಥೆಯಾಗಿದ್ದುದು ಇಲ್ಲಿ ಮರೆವಿನ ಕಥೆಯಾಯಿತು. ಕರುಣೆಗೆ ಪಾತ್ರರಾಗಬೇಕಾದವರು ನಗೆಗೆ ಪಾತ್ರರಾದರು. ಅದೇ ಸನ್ನಿವೇಶದಲ್ಲಿ ಹಲವರು ಸೇರಿ ಬಹಳ ಹೊತ್ತು ವರಸೆಗಳನ್ನಾಡಿದ ಮೇಲೆ ಒಂದೇ ಒಂದು ಬಂಡೆ ನಿಧಾನವಾಗಿ ತೇಲಿಹೋಗುತ್ತದೆ.

ಈ ಬಂಡೆಯ ವಿಷಯದಲ್ಲಿ ಪ್ರೇಕ್ಷಕರು ನಕ್ಕುದು ಸಹಜ. ಆದರೆ ಅದರಲ್ಲಿ ಅಡಗಿರುವ ದೋಷ ಗಂಭೀರವಾದುದು. ಮೂಲದಲ್ಲಿ ಚಲನೆಯೂ ಫಲವೂ ಏಕಕಾಲಿಕ: ಕಾಲು ಊರಿದ ಕ್ಷಣವೇ ನೆಲ ಏಳುತ್ತದೆ. ಚಿತ್ರದಲ್ಲಿ ಮೊದಲು ವರಸೆ, ಆಮೇಲೆ ಬಿಡುವು, ಆಮೇಲೆ ಫಲ. ಎರಡರ ನಡುವೆ ಬಿರುಕು ಬಿದ್ದೊಡನೆ ವರಸೆ ಅರ್ಥಹೀನವಾದ ಕುಣಿತವಾಗಿ, ಫಲ ಯಂತ್ರದ ಚಮತ್ಕಾರವಾಗಿ ತೋರುತ್ತದೆ. ಅಗ್ನಿವಿದ್ಯೆಯವರಿಗೆ ಹತ್ತಿರದಲ್ಲಿ ಉರಿಯುವ ಬೆಂಕಿ ಇರಲೇಬೇಕೆಂದು ಚಿತ್ರ ವಿಧಿಸಿದುದೂ ಇದೇ ಬಗೆಯ ಲೋಕಧರ್ಮಿಯ ಆಸೆಯಿಂದ. ಬೆಂಕಿ ಎಲ್ಲಿಂದ ಬಂತೆಂಬ ಪ್ರಶ್ನೆಗೆ ಉತ್ತರ ಸಿಕ್ಕಿತು. ಆದರೆ ಮೂಲದಲ್ಲಿ ಅಗ್ನಿ ಬರುತ್ತಿದ್ದುದು ಮನುಷ್ಯನ ಉಸಿರಿನಿಂದ, ಅವನ ಒಳಗಿನ ರೋಷ ಅಥವಾ ಶಾಂತಿಯಿಂದ. ದೀವಟಿಗೆಯಿಂದ ತೆಗೆದ ಬೆಂಕಿಗೆ ಜೂಕೊನ ಹೃದಯದೊಡನೆ ಸಂಬಂಧವಿಲ್ಲ.

ಪಾತ್ರಕ್ಕೆ ನಟರನ್ನು ಆರಿಸಿದ ರೀತಿ ಇನ್ನೊಂದು ವಿಷಯ. ಏಷ್ಯದವರಂತೆಯೂ ಧ್ರುವಪ್ರದೇಶದವರಂತೆಯೂ ಬಾಳುವ ಮೂವರು ಮುಖ್ಯ ಬಾಲಕಬಾಲಕಿಯರ ಪಾತ್ರಗಳು ಬಿಳಿಯ ನಟರಿಗೆ ದೊರೆತುವು; ದಾಳಿಕಾರ ರಾಷ್ಟ್ರದವರ ಪಾತ್ರಗಳಿಗೆ ದೇವ್ ಪಟೇಲ್, ಆಸಿಫ್ ಮಾಂಡ್ವಿ ಮೊದಲಾದ ಕಂದುಬಣ್ಣದ ನಟರು ಬಂದರು. ಚಿತ್ರ ಬಿಡುಗಡೆಯಾಗುವ ಮೊದಲೇ ಇದಕ್ಕೆ ಪ್ರಬಲವಾದ ಪ್ರತಿಭಟನೆ ನಡೆಯಿತು. ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ನಿರ್ದೇಶಕರು ಹೆಸರುಗಳ ಉಚ್ಚಾರವನ್ನು ಏಷ್ಯದ ನುಡಿಗಳಿಗೆ ಸಮೀಪಗೊಳಿಸಿದರು. ‘ಆ್ಯಂಗ್’ ಎಂದು ಕೇಳುತ್ತಿದ್ದ ಹೆಸರು ‘ಆಂಗ್’ ಆಯಿತು. ‘ಅವತಾರ್’ ಎಂಬ ಶಬ್ದದ ಮೊದಲ ಸ್ವರವನ್ನೂ ಇಂಗ್ಲಿಷಿನ ರೂಢಿಯಿಂದ ಬಿಡಿಸಲಾಯಿತು. ಶಬ್ದದಲ್ಲಿ ತೋರಿದ ಈ ಎಚ್ಚರ ಮುಖಗಳ ವಿಷಯದಲ್ಲಿ ತೋರಲಿಲ್ಲ. ಬರೆದ ಮುಖ ಯಾರೊಬ್ಬರದೂ ಅಲ್ಲ. ನಟನ ಮುಖ ಒಂದು ಜನಾಂಗದ, ಒಂದು ಚರಿತ್ರೆಯ ಮುಖ. ರೇಖೆ ಶರೀರವಾದೊಡನೆ ಈ ಹೊಣೆ ಹುಟ್ಟುತ್ತದೆಂಬುದನ್ನು ಚಿತ್ರ ಅರಿಯಲಿಲ್ಲ.

೫

ಎರಡನೆಯ ರೂಪಾಂತರ ನೆಟ್‌ಫ್ಲಿಕ್ಸ್ ಸಂಸ್ಥೆಯದು. ೨೦೧೮ರಲ್ಲಿ ಇದನ್ನು ಪ್ರಕಟಿಸಿದಾಗ ಮೂಲಕರ್ತೃಗಳಿಬ್ಬರೂ ಜತೆಗಿದ್ದರು. ೨೦೨೦ರಲ್ಲಿ ಅವರು ಹೊರಬಂದರು. ಆಲ್ಬರ್ಟ್ ಕಿಮ್ ಅವರ ಮುಂದಾಳುತನದಲ್ಲಿ ಸಿದ್ಧವಾದ ಎಂಟು ಕಂತುಗಳು ೨೦೨೪ರ ಫೆಬ್ರವರಿ ೨೨ರಂದು ಬಂದುವು. ಇದೂ ಮೊದಲ ಕಾಂಡದ ಕಥೆಯೇ. ಒಟ್ಟು ಅವಧಿಯೂ ಹೆಚ್ಚುಕಡಮೆ ಮೂಲದಷ್ಟೇ. ಮುಖಗಳ ವಿಷಯದಲ್ಲಿ ಹಿಂದಿನ ತಪ್ಪು ತಿದ್ದುಪಡಿಯಾಯಿತು: ಪಾತ್ರಗಳಿಗೆ ಏಷ್ಯ ಮೂಲದ ಮತ್ತು ಅಮೆರಿಕದ ಮೂಲನಿವಾಸಿ ನಟರು ದೊರೆತರು, ಕಟಾರಾಳ ಪಾತ್ರದ ಕಿಯಾವೆಂಟಿಯೊ ಮೊಹಾಕ್ ಜನಾಂಗದವಳು. ಚಲನೆಗೂ ಫಲಕ್ಕೂ ನಡುವಿದ್ದ ಬಿರುಕು ಬಹುಮಟ್ಟಿಗೆ ಮುಚ್ಚಿತು. ಹೀಗಿದ್ದರೂ ಮೂಲವನ್ನು ಬಲ್ಲವರಿಗೆ ಏನೋ ಬಡವಾಯಿತೆಂದು ತೋರಿತು. ಅವಕಾಶದ ಅಭಾವ ಇದಕ್ಕೆ ಕಾರಣವಲ್ಲ.

ಆರಂಭವನ್ನೇ ತೆಗೆದುಕೊಳ್ಳಬಹುದು. ಮೂಲ ಕಥೆ ಮಂಜಿನ ನಡುವೆ, ಮೀನು ಹಿಡಿಯುವ ಇಬ್ಬರು ಮಕ್ಕಳ ಜಗಳದಿಂದ ತೊಡಗುತ್ತದೆ. ತನ್ನ ಜನ ನಾಶವಾದುದು ಆ್ಯಂಗನಿಗೆ ತಿಳಿಯದು. ಮೂರನೆಯ ಕಂತಿನಲ್ಲಿ ಅವನು ಉತ್ಸಾಹದಿಂದ ತನ್ನ ಮಠಕ್ಕೆ ಮರಳುತ್ತಾನೆ. ಆಟದ ಬಯಲು ಬರಿದಾಗಿದೆ. ಕೊನೆಗೆ ಶತ್ರುಸೈನಿಕರ ಎಲುಬುಗಳ ನಡುವೆ ಗುರು ಗ್ಯಾಟ್ಸೊನ ಅಸ್ಥಿಪಂಜರ ಕುಳಿತಿದೆ. ಯುದ್ಧವನ್ನು ತೋರಿಸಿಲ್ಲ, ಅದು ಹೇಗೆ ನಡೆಯಿತೆಂಬುದನ್ನು ಆ ಎಲುಬುಗಳ ಜೋಡಣೆಯಿಂದ ಪ್ರೇಕ್ಷಕನೇ ಊಹಿಸಿಕೊಳ್ಳುತ್ತಾನೆ. ಧ್ವನಿಯೆಂದು ಆಲಂಕಾರಿಕರು ಕರೆದುದಕ್ಕೆ ಇದು ಒಳ್ಳೆಯ ನಿದರ್ಶನ. ೨೦೨೪ರ ಕೃತಿ ನೂರು ವರ್ಷ ಹಿಂದಕ್ಕೆ ಹೋಗಿ, ಆ ಸಂಹಾರವನ್ನು ಕಣ್ಣೆದುರಿಗೆ ನಡೆಸಿ, ಗ್ಯಾಟ್ಸೊನ ಮರಣವನ್ನೂ ತೋರಿಸಿ ಆಮೇಲೆ ಕಥೆಗೆ ತೊಡಗುತ್ತದೆ. ಭೀಕರತೆ ಹೆಚ್ಚಿತು, ಶೋಕ ಹೆಚ್ಚಲಿಲ್ಲ. ಬಾಲಕ ಮಠದ ಬಾಗಿಲನ್ನು ತಲಪುವಾಗ ಪ್ರೇಕ್ಷಕನಿಗೆ ಎಲ್ಲವೂ ಮೊದಲೇ ಗೊತ್ತು. ಇಬ್ಬರೂ ಒಟ್ಟಿಗೆ ಕಂಡುಕೊಳ್ಳುವುದು ಏನೂ ಉಳಿದಿಲ್ಲ.

ಎರಡನೆಯ ಬದಲಾವಣೆ ಇನ್ನೂ ಸೂಕ್ಷ್ಮ. ಮೂಲದಲ್ಲಿ ಆ್ಯಂಗ್, ತನ್ನನ್ನು ಗುರುವಿನಿಂದ ಅಗಲಿಸುವರೆಂದು ತಿಳಿದು, ರಾತ್ರಿ ಮಠವನ್ನು ಬಿಟ್ಟು ಓಡಿಹೋದವನು. ತಾನು ಓಡದಿದ್ದರೆ ತನ್ನವರು ಉಳಿಯುತ್ತಿದ್ದರೇನೋ ಎಂಬ ಅಳುಕು ಅವನ ನಗೆಯ ಅಡಿಯಲ್ಲಿ ಸದಾ ಇದೆ. ಹೊಸ ಕೃತಿಯಲ್ಲಿ ಅವನು ಮನಸ್ಸನ್ನು ತಿಳಿಮಾಡಿಕೊಳ್ಳಲು ಹೊರಟು ಬಿರುಗಾಳಿಗೆ ಸಿಕ್ಕಿಬೀಳುತ್ತಾನೆ. ತಪ್ಪು ಅಪಘಾತವಾಯಿತು. ಸೊಕ್ಕಾನ ವಿಷಯವೂ ಇಂಥದೇ. ಹೆಂಗಸರು ಯುದ್ಧಕ್ಕೆ ತಕ್ಕವರಲ್ಲವೆಂದು ಜಂಬಪಡುತ್ತಿದ್ದ ಈ ಹುಡುಗ ಮೂಲದ ನಾಲ್ಕನೆಯ ಕಂತಿನಲ್ಲಿ ಕಿಯೋಶಿ ದ್ವೀಪದ ವೀರಕನ್ಯೆಯರಿಂದ ಸೋತು, ಸುಕಿಯ ಮುಂದೆ ಮಂಡಿಯೂರಿ ಕ್ಷಮೆ ಕೇಳಿ, ಅವರದೇ ಉಡುಪನ್ನು ತೊಟ್ಟು ಶಿಷ್ಯನಾಗುತ್ತಾನೆ. ಹೊಸ ಕೃತಿ ಅವನ ಜಂಬವನ್ನು ತೆಳುವಾಗಿಸಿತು. ದೋಷ ಕರಗಿದಷ್ಟೂ ಕಲಿಕೆಯೂ ಕರಗಿತು.

ಇವೆಲ್ಲಕ್ಕೂ ಮೂಲ ಒಂದೇ. ರೇಖೆ ದೋಷವನ್ನು ಹಗುರವಾಗಿ ಹೊರುತ್ತದೆ. ಬರೆದ ಹುಡುಗನ ಒರಟುತನವನ್ನು ನಕ್ಕು, ಅವನು ತಿದ್ದಿಕೊಳ್ಳುವವರೆಗೆ ಕಾಯಬಹುದು. ಅದೇ ಮಾತು ನಿಜವಾದ ಹುಡುಗನ ಬಾಯಿಂದ ಬಂದರೆ ನೋಯಿಸುತ್ತದೆ. ಇದನ್ನು ಮನಗಂಡು ರೂಪಾಂತರಕಾರರು ದೋಷವನ್ನು ಹೊರುವ ಬೇರೆ ಉಪಾಯವನ್ನು ಹುಡುಕಬೇಕಾಗಿತ್ತು; ಅವರು ದೋಷವನ್ನೇ ಇಳಿಸಿಬಿಟ್ಟರು. ಹಾಗೆಯೇ ರೇಖೆಯ ಮೌನಕ್ಕೆ ಸಮನಾದ ಮೌನವನ್ನು ನಟರಲ್ಲಿ ಹುಡುಕುವುದಕ್ಕೆ ಬದಲಾಗಿ, ಪಾತ್ರಗಳ ಭಾವನೆಗಳನ್ನು ಅವರವರ ಬಾಯಿಂದಲೇ ಹೇಳಿಸಿದರು. ವ್ಯಂಗ್ಯವಾಗಿದ್ದುದೆಲ್ಲ ವಾಚ್ಯವಾಯಿತು.

೬

ಇಲ್ಲಿ ಒಂದು ಪೂರ್ವಪಕ್ಷವನ್ನು ಎತ್ತಬಹುದು. ಶರೀರವೇ ಲೋಕಧರ್ಮಿಯ ಕಡೆಗೆ ಎಳೆಯುವುದಾದರೆ ಇಂಥ ರೂಪಾಂತರವೆಲ್ಲ ವಿಫಲವೇ ಆಗಬೇಕಲ್ಲವೆ? ಹಾಗಲ್ಲ. ಚೀನೀ ಭಾಷೆಯ ಖಡ್ಗವೀರರ ಚಿತ್ರಪರಂಪರೆಯಲ್ಲಿ ಜೀವಂತ ನಟರೇ ಬಿದಿರುಮೆಳೆಯ ತುದಿಯಲ್ಲಿ ನಿಂತು ಹೋರಾಡುವುದುಂಟು. ಆಂಗ್ ಲೀ ಅವರ ೨೦೦೦ದ ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್’ ಅದಕ್ಕೆ ಪ್ರಸಿದ್ಧವಾದ ನಿದರ್ಶನ. ಅಲ್ಲಿ ಹಾರಾಟ ಹೇಗೆ ಸಾಧ್ಯವೆಂದು ಯಾರೂ ಕೇಳುವುದಿಲ್ಲ; ಅದುಮಿಟ್ಟ ಪ್ರೇಮದ ಭಾಷೆಯೇ ಅದೆಂದು ಅರಿಯುತ್ತಾರೆ. ಜಪಾನಿನ ‘ವನ್ ಪೀಸ್’ ಚಿತ್ರಕಥೆ ೨೦೨೩ರಲ್ಲಿ ನಟರೂಪವನ್ನು ತಾಳಿದಾಗಲೂ, ಬಸವನಹುಳುವಿನ ಆಕಾರದ ದೂರವಾಣಿಯನ್ನೂ ರಬ್ಬರಿನಂತೆ ಎಳೆಯುವ ತೋಳನ್ನೂ ಸಂಕೋಚವಿಲ್ಲದೆ ಉಳಿಸಿಕೊಂಡಿತು. ಮೂಲ ಲೇಖಕ ಐಚಿರೊ ಓಡಾ ಅವರೂ ನಿರ್ಮಾಣದಲ್ಲಿ ಪಾಲುಗೊಂಡಿದ್ದರು. ವಿಚಿತ್ರವನ್ನು ನಾಚದೆ ತೋರಿಸಿದುದರಿಂದಲೇ ಪ್ರೇಕ್ಷಕರು ಅದನ್ನು ನಾಚದೆ ಒಪ್ಪಿದರು. ಆದುದರಿಂದ ದೋಷ ಶರೀರದ್ದಲ್ಲ; ನಿಜದಂತೆ ತೋರಿದರೆ ಸಾಕು, ಉಳಿದುದು ತಾನಾಗಿ ಬರುವುದೆಂಬ ನಂಬಿಕೆಯದು.

ಶರೀರಕ್ಕೆ ತನ್ನದೇ ಆದ ಸಿದ್ಧಿಯೂ ಉಂಟು. ೨೦೨೪ರ ಕೃತಿಯೇ ಅದಕ್ಕೆ ಸಾಕ್ಷಿ. ಮೂಲದಲ್ಲಿ, ನಲವತ್ತೊಂದನೆಯ ದಳದ ಎಳೆಯ ಸೈನಿಕರನ್ನು ಬಲಿಗೊಡುವ ಯೋಜನೆಯನ್ನು ವಿರೋಧಿಸಿದುದಕ್ಕಾಗಿ ಜೂಕೊ ತಂದೆಯೊಡನೆ ‘ಅಗ್ನಿ ಕೈ’ ಎಂಬ ದ್ವಂದ್ವಯುದ್ಧಕ್ಕೆ ನಿಲ್ಲಬೇಕಾಗಿ ಬಂದು, ಮುಖದ ಮೇಲೆ ಕಲೆಯನ್ನು ಹೊತ್ತನು. ಆ ಸೈನಿಕರ ಗತಿ ಏನಾಯಿತೆಂಬುದನ್ನು ಮೂಲ ಹೇಳುವುದಿಲ್ಲ. ಹೊಸ ಕೃತಿ ಅವರನ್ನೇ ಜೂಕೊನ ಹಡಗಿನ ಸಿಬ್ಬಂದಿಯನ್ನಾಗಿ ಮಾಡಿತು. ಒಡೆಯನನ್ನು ಒಳಗೊಳಗೇ ಹಳಿಯುತ್ತಿದ್ದ ಆ ಜನಕ್ಕೆ, ತಮ್ಮ ಪ್ರಾಣದ ಬೆಲೆ ಅವನ ಮುಖದ ಮೇಲಿದೆಯೆಂಬುದು ಐರೋನ ಮಾತಿನಿಂದ ತಿಳಿಯುತ್ತದೆ. ಮರಳಿ ಬಂದ ರಾಜಕುಮಾರನಿಗೆ ಅವರು ಸಾಲಾಗಿ ನಿಂತು ಗೌರವ ಸಲ್ಲಿಸುತ್ತಾರೆ. ಅವನಿಗೆ ಕಾರಣ ತಿಳಿಯದು. ಹೆಸರಿಲ್ಲದ ಹತ್ತಾರು ಜೀವಂತ ಮುಖಗಳು ಒಂದೇ ಕ್ಷಣದಲ್ಲಿ ಮಾತಿಲ್ಲದೆ ಬದಲಾಗುವ ಈ ನೋಟ ಶರೀರಕ್ಕೆ ಸಹಜವಾದ ಸಂಪತ್ತು. ಇದು ಮೂಲದಲ್ಲಿಲ್ಲದ ಸಂಗತಿ. ಆದರೂ ಮೂಲಕ್ಕೆ ಅತ್ಯಂತ ಸಮೀಪವಾದ ಸಂಗತಿ. ಎಲ್ಲರೂ ಮೆಚ್ಚುವಂಥ ಈ ಸನ್ನಿವೇಶ ಮೂಲವನ್ನು ನಕಲುಮಾಡಿದ ಕಡೆ ಹುಟ್ಟದೆ, ಅದರ ಭಾವವನ್ನು ಅರಿತು ಹೊಸದಾಗಿ ಕಟ್ಟಿದ ಕಡೆ ಹುಟ್ಟಿತೆಂಬುದನ್ನು ಮರೆಯಬಾರದು.

ಈ ಕಥೆಯನ್ನು ಮೊದಲು ಕಂಡವರು ಮಕ್ಕಳು. ಜನಾಂಗನಾಶ, ತಂದೆಯ ಕ್ರೌರ್ಯ, ಓಡಿಹೋದವನ ಪಶ್ಚಾತ್ತಾಪ ಇವುಗಳನ್ನು ಮೂಲಕರ್ತೃಗಳು ಅವರ ಮುಂದೆ ವಿವರಿಸದೆ ಇರಿಸಿ, ಅವರು ಅರಿಯಬಲ್ಲರೆಂದು ನಂಬಿದರು. ಬೆಳೆದವರಿಗೂ ಸಲ್ಲಲೆಂದು ಗಾಂಭೀರ್ಯವನ್ನು ಬಯಸಿ ಮಾಡಿದ ರೂಪಾಂತರಗಳು ಎಲ್ಲವನ್ನೂ ವಿವರಿಸಿ, ಪ್ರೇಕ್ಷಕನನ್ನು ಅಷ್ಟರಮಟ್ಟಿಗೆ ಕಡಮೆ ನಂಬಿದುವು. ಬರೆದ ಚಿತ್ರ ಕರಡಲ್ಲ, ನಟರೂಪ ಅದರ ಪೂರ್ಣಪ್ರತಿಯೂ ಅಲ್ಲ. ಅವು ಎರಡು ಬೇರೆ ಭಾಷೆಗಳು. ಭಾಷಾಂತರಕಾರನಿಗೆ ಎರಡು ಭಾಷೆಗಳ ಜ್ಞಾನ ಬೇಕೆಂಬ ಹಳೆಯ ನಿಯಮ ಇಲ್ಲಿಯೂ ಸಲ್ಲುತ್ತದೆ. ೨೦೨೪ರ ಮಾರ್ಚಿಯಲ್ಲಿ ನೆಟ್‌ಫ್ಲಿಕ್ಸ್ ಉಳಿದ ಎರಡು ಕಾಂಡಗಳನ್ನೂ ನಟರೂಪಕ್ಕೆ ತರುವುದಾಗಿ ಪ್ರಕಟಿಸಿತು. ಡ್ರ್ಯಾಗನ್‌ಗಳ ಮುಂದೆ ಜೂಕೊ ಆಡುವ ವರಸೆ ಆ ಭಾಗದಲ್ಲಿಯೇ ಇದೆ. ಅಲ್ಲಿ ತೋಳಿನ ಬಾಗು ಮಾತನಾಡುವುದೋ, ಅದರ ಅರ್ಥವನ್ನು ಬಾಯಿ ಹೇಳುವುದೋ ಎಂಬುದರಿಂದ ಈ ರೂಪಾಂತರದ ಬೆಲೆಯನ್ನು ನಿರ್ಣಯಿಸಬಹುದು.